ಮೂರನೇ ಗೇಟಿನ ಸೋರಿಕೆ

ಗೇಟಕ್ಕನಿಗೆ ಸಹಿಸಲಾಗದ ಸದ್ದು ಲೋಕದಲ್ಲಿ ಒಂದೇ ಒಂದು, ನಲ್ಲಿ ತೊಟ್ಟಿಕ್ಕುವ ಸದ್ದು. ಗಂಡನ ಗೊರಕೆಯನ್ನು ಇಪ್ಪತ್ತಾರು ವರ್ಷ ಸಹಿಸಿಕೊಂಡು ಬಂದಿದ್ದಾಳೆ. ಆದರೆ ಯಾರ ಮನೆಯಲ್ಲೇ ಆಗಲಿ, ಒಳಗಿನಿಂದ ‘ಟಪ್... ಟಪ್’ ಎಂದು ಕೇಳಿಸಿತೋ, ಅವಳ ಮಾತು ಅರ್ಧಕ್ಕೇ ನಿಲ್ಲುತ್ತದೆ, ಕೈ ತಾನಾಗಿ ಚೀಲದೊಳಕ್ಕೆ ಇಳಿಯುತ್ತದೆ. ಆ ಚೀಲದಲ್ಲಿ ಒಂದು ಪಾನಾ, ನಾಲ್ಕು ಅಳತೆಯ ವಾಷರುಗಳು, ಒಂದು ಉಂಡೆ ಸೆಣಬಿನ ನಾರು ಇದ್ದೇ ಇರುತ್ತವೆ. ಪಕ್ಕದ ಬೀದಿಯ ಮುದುಕರು ತೀರಿಕೊಂಡಾಗ ಅವರ ಹೆಂಡತಿಗೆ ಸಮಾಧಾನ ಹೇಳಲು ಹೋದವಳು ಅತ್ತು, ಮೂಗು ಒರೆಸಿಕೊಂಡು, ಅಡುಗೆಮನೆಗೆ ಹೋಗಿ ನಲ್ಲಿ ಬಿಚ್ಚಿ ವಾಷರು ಹಾಕಿ, ಬಂದು ಮತ್ತೆ ಅತ್ತಳು. “ಅವರು ಹೋದ ಸಂಕಟ ಇದ್ದೇ ಇದೆ, ಆದ್ರೆ ಆ ನಲ್ಲಿ ಮೂರು ವರ್ಷದಿಂದ ಪ್ರಾಣ ತಿಂತಿತ್ತು ಕಣಮ್ಮ” ಎಂದು ಆ ಮುದುಕಿ ಇವತ್ತಿಗೂ ನೆನೆಯುತ್ತಾರೆ.

ಇಂಥವಳಿಗೆ ಸಿಕ್ಕ ಕೆಲಸವೂ ಅಂಥದ್ದೇ. ಊರಿನ ಮೇಲ್ಭಾಗದಲ್ಲಿ ನದಿಗೆ ಅಡ್ಡಲಾಗಿ ಹಳೆಯ ಕಲ್ಲಿನ ಒಡ್ಡು ಇದೆ. ಅದಕ್ಕೆ ಐದು ಕಬ್ಬಿಣದ ಗೇಟುಗಳು. ಅವನ್ನು ಏರಿಸುವುದು, ಇಳಿಸುವುದು, ಗ್ರೀಸು ಹಚ್ಚುವುದು, ಅಂಚಿನ ರಬ್ಬರು ಸವೆದರೆ ಬದಲಿಸುವುದು, ಆಮೇಲೆ ಗೇಟಿನ ಕೋಣೆಯಲ್ಲಿ ಕುಳಿತು ರಿಜಿಸ್ಟರಿನಲ್ಲಿ ಐದು ಸಾಲು ಬರೆಯುವುದು. ಹನ್ನೊಂದು ವರ್ಷದಿಂದ ಆ ಐದು ಸಾಲು ಬದಲಾಗಿಲ್ಲ. ಒಂದು, ಎರಡು, ನಾಲ್ಕು, ಐದು: ಸರಿಯಾಗಿದೆ. ಮೂರು: ಸೋರುತ್ತಿದೆ, ದುರಸ್ತಿ ನಡೆಯುತ್ತಿದೆ.

ಅವಳ ಗಂಡ ದರ್ಜಿ. ಬಾಯಲ್ಲಿ ಗುಂಡುಸೂಜಿ ಇಲ್ಲದಾಗೆಲ್ಲ ಮಾತಾಡುತ್ತಾನೆ. ಇದ್ದಾಗಲೂ ಮಾತಾಡುತ್ತಾನೆ, ಕೇಳುವವರಿಗೆ ಸ್ವಲ್ಪ ಕಷ್ಟ, ಅಷ್ಟೆ. ಅಂಗಡಿಗೆ ಬಂದವರ ತೋಳು ಅಳೆಯುತ್ತ ಅವನು ಹೇಳುವ ಮಾತು ಊರಿಗೆಲ್ಲ ಬಾಯಿಪಾಠ. “ಊರಿನ ನಲ್ಲಿಗೆಲ್ಲ ನನ್ನ ಹೆಂಡ್ತಿನೇ ಡಾಕ್ಟರು. ಆದ್ರೆ ಮೂರನೇ ಗೇಟು ಮಾತ್ರ ಅವಳಿಗೆ ಕ್ಯಾರೇ ಅಂದಿಲ್ಲ ನೋಡಿ. ಹನ್ನೊಂದು ವರ್ಷ!” ಇದು ಕಿವಿಗೆ ಬಿದ್ದಾಗಲೆಲ್ಲ ಗೇಟಕ್ಕನ ಮೈ ಉರಿಯುತ್ತಿತ್ತು. ಆದರೂ ಬಾಯಿಗೆ ಬೀಗ.

ನಿಜ ಏನೆಂದರೆ, ಮೂರನೇ ಗೇಟನ್ನು ಅವಳು ಸರಿ ಮಾಡಿದ್ದಳು. ಒಡ್ಡಿನ ಕೆಲಸಕ್ಕೆ ಬಂದ ಮೊದಲ ಬೇಸಿಗೆಯಲ್ಲೇ, ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಸರಿ ಮಾಡಿದ್ದಳು. ಅವಳ ಬದುಕಿನಲ್ಲಿ ಅವಳಿಗೇ ನಾಚಿಕೆ ತಂದ ದುರಸ್ತಿ ಅದೊಂದೇ.

ಒಡ್ಡಿನ ಕೆಳಗೆ, ನೀರು ಭೋರ್ಗರೆದು ಬೀಳುವ ಜಾಗದ ಪಕ್ಕದಲ್ಲಿ, ಇಳಿಜಾರಾದ ಒಂದು ಕಪ್ಪು ಬಂಡೆ. ಮೂರನೇ ಗೇಟಿನ ಎಡಮೂಲೆಯಲ್ಲಿ ಸೋರಿದ ನೀರು ಗೋಡೆಯ ಬಿರುಕಿನೊಳಗೆ ಇಳಿದು, ಎಲ್ಲೆಲ್ಲಿ ಸುತ್ತುತ್ತದೋ ಯಾರು ಕಂಡವರು, ಅರವತ್ತು ಹೆಜ್ಜೆ ಕೆಳಗೆ ಆ ಬಂಡೆಯ ನೆತ್ತಿಯ ಸೀಳಿನಿಂದ ಹೊರಬರುತ್ತದೆ. ನೋಡಿದವರಿಗೆ ಬಂಡೆಯೇ ಬೆವರುತ್ತಿದೆ ಅನ್ನಿಸಬೇಕು. ಮೈತುಂಬ ಪಾಚಿ, ಅದರ ಮೇಲೆ ಕಾಗದದಷ್ಟು ತೆಳುವಾಗಿ ನೀರು. ಹೊಸದರಲ್ಲಿ ಗೇಟಕ್ಕ ಮಧ್ಯಾಹ್ನದ ಡಬ್ಬಿ ಹಿಡಿದು ಅಲ್ಲಿಗೆ ಇಳಿಯುತ್ತಿದ್ದಳು, ತಂಪಿಗೆ.

ಅಲ್ಲಿಯೇ ಒಂದು ಕಪ್ಪೆ ಅವಳಿಗೆ ಕಾಲು ತೋರಿಸಿದ್ದು. ಹೆಬ್ಬೆರಳಿನ ಗಾತ್ರದ ಪ್ರಾಣಿ, ಒದ್ದೆ ಕಲ್ಲಿನ ಬಣ್ಣ, ಚೆಂದ ಅನ್ನುವಂಥದ್ದೇನೂ ಇಲ್ಲ. ಅವಳು ತುತ್ತು ಬಾಯಿಗಿಡುವಾಗ ಅದು ಒಂದು ಹಿಂಗಾಲನ್ನು ನಿಧಾನವಾಗಿ ಮೇಲೆತ್ತಿ, ಬೆರಳುಗಳನ್ನು ಅಗಲಿಸಿ, ಗಾಳಿಯಲ್ಲೊಮ್ಮೆ ಬೀಸಿತು. ಬೆರಳುಗಳ ನಡುವಿನ ಚರ್ಮ ಅಚ್ಚ ನೀಲಿ.

“ಏನೋ, ನನಗೇ ಒದೆ ತೋರಿಸ್ತೀಯಾ?” ಎಂದಳು ಗೇಟಕ್ಕ. ಕಪ್ಪೆ ಇನ್ನೊಂದು ಕಾಲನ್ನೂ ತೋರಿಸಿತು.

ನಾಲ್ಕು ದಿನ ನೋಡಿದ ಮೇಲೆ ಅವಳಿಗೆ ಗುಟ್ಟು ಹೊಳೆಯಿತು. ಆ ಭೋರ್ಗರೆತದಲ್ಲಿ ಕಪ್ಪೆ ಗಂಟಲು ಹರಿದುಕೊಂಡರೂ ಯಾರಿಗೂ ಕೇಳಿಸದು. ಅದಕ್ಕೇ ಗಂಡು ಕಾಲು ಬೀಸುತ್ತದೆ, ಹೆಣ್ಣು ನೋಡುತ್ತದೆ, ಇಷ್ಟವಾದರೆ ಬರುತ್ತದೆ, ಇಲ್ಲವಾದರೆ ಕಂಡೂ ಕಾಣದ ಹಾಗೆ ಕುಳಿತಿರುತ್ತದೆ. ನಮ್ಮ ಯಜಮಾನರಿಗೂ ಇಷ್ಟೇ ಬುದ್ಧಿ ಇದ್ದಿದ್ದರೆ ಮನೆ ಎಷ್ಟು ತಣ್ಣಗಿರುತ್ತಿತ್ತು ಎಂದುಕೊಂಡಳು.

ಇದೆಲ್ಲ ಆ ಸೋರಿಕೆಯ ಮೇಲೆ ನಿಂತಿದೆ ಎಂಬುದು ಮಾತ್ರ ಹೊಳೆಯಲಿಲ್ಲ. ಗೇಟು ಸೋರುತ್ತಿತ್ತು, ಅವಳ ಕೈ ಕಡಿಯುತ್ತಿತ್ತು. ಮೂರು ದಿನ ಗೇಟಿಗೆ ಅಂಟಿಕೊಂಡು ರಬ್ಬರು ಬದಲಿಸಿ, ಎಡಮೂಲೆಯ ಎರಡು ಬೋಲ್ಟುಗಳನ್ನು ಬಿಗಿದಳು. ಒಂದು ಹನಿ ಇಲ್ಲ! ಆ ಸಂಭ್ರಮದಲ್ಲಿ ಐದೂ ಗೇಟಿಗೆ ಬಣ್ಣ ಬಳಿಯುತ್ತ ಹದಿನೈದು ದಿನ ಕೆಳಗಿಳಿಯಲಿಲ್ಲ. ಇಳಿದಾಗ ಬಂಡೆ ಬರೀ ಬಂಡೆಯಾಗಿತ್ತು. ಪಾಚಿ ಸುಲಿದು ಸುರುಳಿ ಸುತ್ತಿಕೊಂಡಿತ್ತು. ಬಾಯಿಂದಲೇ ಕಲ್ಲಿಗೆ ಅಂಟಿಕೊಂಡು ಬೆಳೆಯುತ್ತಿದ್ದ ಗೊದಮೊಟ್ಟೆಗಳು ಇದ್ದ ಕಡೆ ಕಪ್ಪು ಚುಕ್ಕೆಗಳು ಉಳಿದಿದ್ದವು. ಒಂದು ಪಾಚಿಯ ಹೆಕ್ಕಳಿಕೆ ಎತ್ತಿದರೆ ಕೆಳಗೆ ಒಂದು ಕಪ್ಪೆ, ಹಿಂಗಾಲು ಅರ್ಧ ಎತ್ತಿದ ಹಾಗೇ ಒಣಗಿಹೋಗಿತ್ತು. ಕರೆದಿತ್ತು, ನೋಡಲು ಯಾರೂ ಉಳಿದಿರಲಿಲ್ಲ. ಗೇಟಕ್ಕ ಅಲ್ಲೇ ಕುಳಿತು ಅತ್ತಳು. ಡಬ್ಬಿ ತೆರೆಯದೆ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ತಾನೇ ಹಾಕಿದ ಹೊಸ ರಬ್ಬರಿನ ಮೂಲೆಯನ್ನು ಕತ್ತರಿಸಿ, ಬೋಲ್ಟು ಸಡಿಲಿಸಿದಳು. ಬಂಡೆ ಮತ್ತೆ ಬೆವರಿತು. ದಿನಾ ಹೋಗಿ ಕುಳಿತು ನೋಡಿದಳು. ಹತ್ತೊಂಬತ್ತನೆಯ ದಿನ, ಸೀಳಿನ ಆಳದಿಂದ ಒಂದೇ ಒಂದು ನೀಲಿ ಪಾದ ಹೊರಬಂದು ಗಾಳಿಯಲ್ಲಿ ಬೀಸಿತು. ತನ್ನನ್ನು ಕ್ಷಮಿಸಿತೋ ಬೈಯಿತೋ ಅವಳಿಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ ಸರಿ ಎನ್ನುವಷ್ಟು ಸಂತೋಷವಾಯಿತು.

ಆಮೇಲೆ ಗೊತ್ತಾಯಿತು, ಸೋರಿಕೆಯನ್ನು ನಿಲ್ಲಿಸುವುದಕ್ಕಿಂತ ಸೋರಿಕೆಯನ್ನು ಸಾಕುವುದು ಕಷ್ಟ ಎಂದು. ಸುಮ್ಮನೆ ಬಿಟ್ಟರೆ ಅದು ಕೊರೆದುಕೊಂಡು ದೊಡ್ಡದಾಗುತ್ತದೆ, ಮೊಟ್ಟೆಗಳು ಕೊಚ್ಚಿಹೋಗುತ್ತವೆ. ಲೋಳೆ ಕಟ್ಟಿಕೊಂಡರೆ ಸಣ್ಣದಾಗುತ್ತದೆ, ಬಂಡೆ ಒಣಗುತ್ತದೆ. ಹಾಗಾಗಿ ನಾಲ್ಕು ವಾರಕ್ಕೊಮ್ಮೆ, ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ, ಬೋಲ್ಟುಗಳನ್ನು ಪೂರ್ತಿ ಬಿಗಿದು ನೀರು ನಿಲ್ಲಿಸಿ, ಸಂದನ್ನು ತಿಕ್ಕಿ ತೊಳೆದು, ಗ್ರೀಸು ಹಚ್ಚಿ, ಅರ್ಧ ಗಂಟೆಯಲ್ಲಿ ಮತ್ತೆ ಸಡಿಲಿಸುತ್ತಾಳೆ. ಬೇಸಿಗೆಯಲ್ಲಿ ಅರ್ಧ ಸುತ್ತು ಜಾಸ್ತಿ, ನದಿ ತುಂಬಿದಾಗ ಕಾಲು ಸುತ್ತು ಕಡಿಮೆ. ರಿಜಿಸ್ಟರಿನಲ್ಲಿ ‘ದುರಸ್ತಿ ನಡೆಯುತ್ತಿದೆ’ ಎಂದು ಬರೆಯುವುದು ಹಾಗೆ ನೋಡಿದರೆ ಸುಳ್ಳಲ್ಲ. ಯಾವುದರ ದುರಸ್ತಿ ಎಂದು ಯಾರೂ ಕೇಳಿರಲಿಲ್ಲ.

ಎಂಟು ವರ್ಷ ಹೀಗೇ ನಡೆಯಿತು. ಆಮೇಲೆ ಕಪ್ಪೆ ಮೇಡಂ ಬಂದರು.

ದೂರದ ವಿಶ್ವವಿದ್ಯಾಲಯದಲ್ಲಿ ಕಪ್ಪೆಗಳನ್ನೇ ಓದಿ, ಕಪ್ಪೆಗಳನ್ನೇ ಕಲಿಸುವ ಹೆಂಗಸು. ಮೊಣಕಾಲಿನವರೆಗೆ ರಬ್ಬರು ಬೂಟು, ಕುತ್ತಿಗೆಗೆ ಭೂತಗನ್ನಡಿ. ಬಂಡೆಯ ಮುಂದೆ ನಿಂತವರು ಒಂದು ನೀಲಿ ಪಾದ ಕಂಡದ್ದೇ ತಡ, ನೀರಿನಲ್ಲೇ ಕುಸಿದು ಕುಳಿತರು. ಈ ಜಾತಿಯನ್ನು ಯಾರಾದರೂ ಕೊನೆಗೆ ನೋಡಿದ್ದು ಅರವತ್ತು ವರ್ಷದ ಹಿಂದಂತೆ. ಲೋಕದಲ್ಲಿ ಇಲ್ಲವೇ ಇಲ್ಲ ಎಂದು ಪುಸ್ತಕದಲ್ಲಿ ಬರೆದೂ ಆಗಿತ್ತಂತೆ. ಎಣಿಸಿದರು: ಮೂವತ್ತೊಂದು.

“ಗೇಟಕ್ಕ, ಇಡೀ ಭೂಮಿ ಮೇಲೆ ಉಳಿದಿರೋದು ಇಷ್ಟೇ. ಈ ಬಂಡೆ ಮೇಲೆ ಮಾತ್ರ. ಯಾಕೆ ಗೊತ್ತಾ? ಇದು ಮನುಷ್ಯರ ಕೈ ಸೋಕದ ಜಾಗ” ಎಂದರು ಮೇಡಂ ಕಣ್ಣು ಒರೆಸಿಕೊಳ್ಳುತ್ತ.

ಗೇಟಕ್ಕ ಪಾನಾ ಹಿಡಿದ ಕೈಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು.

ಹೇಳಬೇಕೆಂದುಕೊಂಡಳು. ಆದರೆ ಮೇಡಂ ಮುಖ ಅಷ್ಟು ಅರಳಿತ್ತು. ಇವತ್ತು ಬೇಡ, ನಾಳೆ ಹೇಳೋಣ ಎಂದುಕೊಂಡಳು. ಮೇಡಂ ‘ಮನುಷ್ಯರ ಕೈ ಸೋಕದ ಜಾಗ, ಪ್ರವೇಶವಿಲ್ಲ’ ಎಂದು ಬೋರ್ಡು ಬರೆಸಿ ನೆಡಿಸಿದರು. ಗುಂಡಿ ತೋಡಿ ನೆಟ್ಟುಕೊಟ್ಟವಳೂ ಗೇಟಕ್ಕನೇ. ಆಮೇಲಂತೂ ಹೇಳುವುದು ಇನ್ನೂ ಕಷ್ಟವಾಯಿತು.

ಮೇಡಂ ಬಂಡೆಯ ಮೇಲೆ ಒಂದು ಪುಟ್ಟ ಪೆಟ್ಟಿಗೆ ಇಟ್ಟಿದ್ದರು, ಹರಿಯುವ ನೀರನ್ನು ಹಗಲಿರುಳು ಅಳೆದು ಬರೆದಿಡುವಂಥದ್ದು. ವರ್ಷ ತಿರುಗುವಷ್ಟರಲ್ಲಿ ಅವರಿಗೊಂದು ಅದ್ಭುತ ಸಿಕ್ಕಿಬಿಟ್ಟಿತು. ನಾಲ್ಕು ವಾರಕ್ಕೊಮ್ಮೆ ಬಂಡೆಯ ನೀರು ಅರ್ಧ ಗಂಟೆ ಪೂರ್ತಿ ನಿಂತು, ಮತ್ತೆ ಹರಿಯುತ್ತದೆ!

“ಬಂಡೆ ಉಸಿರು ಹಿಡಿಯುತ್ತೆ ಗೇಟಕ್ಕ! ಚಂದ್ರನ ಸೆಳೆತ ಇರಬೇಕು. ಒಂದೆರಡು ದಿನ ಹೆಚ್ಚುಕಡಿಮೆ ಬರುತ್ತೆ, ಆದ್ರೆ ಪ್ರಕೃತಿ ಏನು ಗಡಿಯಾರಾನಾ?”

“ಅಲ್ಲ ಮೇಡಂ, ಅಲ್ಲ” ಎಂದಳು ಗೇಟಕ್ಕ. ನಗು ತಡೆಯಲು ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡಿದ್ದಳು.

ಒಂದು ಸಲ ಅವಳಿಗೆ ಜ್ವರ ಬಂದು ಮಂಗಳವಾರದ ಕೆಲಸ ಒಂದು ವಾರ ಮುಂದೆ ಹೋಯಿತು. ಮೇಡಂ ಅದಕ್ಕೂ ಕಾರಣ ಕಂಡುಹಿಡಿದರು: ದೂರದ ಸಮುದ್ರದಡಿ ಎಲ್ಲೋ ಆದ ಭೂಕಂಪ. ಎರಡು ಪುಟ ಬರೆದು ಓದಿಯೂ ಹೇಳಿದರು. ತನ್ನ ಜ್ವರಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದು ಇದೇ ಮೊದಲು ಎಂದು ಗೇಟಕ್ಕನಿಗೆ ಒಳಗೊಳಗೇ ಹೆಮ್ಮೆಯಾಯಿತು. ಜತೆಗೆ ಒಂದು ಅಳುಕು. ಮೂರು ವರ್ಷದಲ್ಲಿ ಮೇಡಂ ಅವಳ ಗೆಳತಿಯಾಗಿದ್ದರು, ಡಬ್ಬಿ ಹಂಚಿಕೊಂಡು ತಿನ್ನುತ್ತಿದ್ದರು. ಗೆಳತಿಯನ್ನು ಹೀಗೆ ಚಂದ್ರನವರೆಗೆ ಹೋಗಲು ಬಿಡಬಹುದೇ?

ಅಷ್ಟರಲ್ಲಿ ಹೊಸ ಇಂಜಿನಿಯರು ಬಂದರು. ಇಸ್ತ್ರಿ ಕೆಡದ ಅಂಗಿ, ಕೆಡದ ಮುಖ. ರಿಜಿಸ್ಟರು ತೆರೆದು ಹಿಂದಕ್ಕೆ ಹಿಂದಕ್ಕೆ ಮಗುಚಿದರು.

“ಹನ್ನೊಂದು ವರ್ಷದಿಂದ ದುರಸ್ತಿ ನಡೀತಾನೇ ಇದೆಯಾ?”

“ಹಳೇ ಗೇಟು ಸಾರ್.”

“ಹಾಗಾದ್ರೆ ಹೊಸದು ಹಾಕೋಣ. ಕೆಳಗೆ ಊರಿಗೆ ನೀರು ಸಾಲ್ತಿಲ್ಲ. ಒಂದು ಹನಿ ಕೂಡ ವ್ಯರ್ಥ ಆಗಬಾರದು. ಅಳತೆ ತಗೊಂಡು ಕೊಡಿ.”

ಗೇಟಕ್ಕ ಅಳತೆ ಕೊಟ್ಟಳು. ಎರಡು ತಿಂಗಳ ಮೇಲೆ ಲಾರಿಯಲ್ಲಿ ಬಂದ ಹೊಸ ಗೇಟು ನಾಲ್ಕು ಬೆರಳು ಗಿಡ್ಡವಾಗಿತ್ತು. ಟೇಪಿನ ತುದಿ ಮುರಿದಿದ್ದನ್ನು ನೋಡಿರಲಿಲ್ಲ ಎಂದು ಗೇಟಕ್ಕ ತಲೆ ತಗ್ಗಿಸಿ ನಿಂತಳು. ತುದಿ ಮುರಿದಿದ್ದು ನಿಜ. ಮುರಿದದ್ದು ಯಾರು ಎಂದು ಯಾರೂ ಕೇಳಲಿಲ್ಲ. ಗೇಟು ವಾಪಸು ಹೋಯಿತು. ಈ ಸಲ ಇಂಜಿನಿಯರು ತಾವೇ ಹಗ್ಗ ಕಟ್ಟಿಕೊಂಡು ಇಳಿದು ಮೂರು ಸಲ ಅಳೆದರು. ಅಂಗಿಯ ಇಸ್ತ್ರಿ ಕೆಟ್ಟಿತು, ಅಳತೆ ಕೆಡಲಿಲ್ಲ.

ಗೇಟಕ್ಕನಿಗೆ ಉಳಿದದ್ದು ಒಂದೇ ಆಸೆ, ಮೇಡಂ. ಬಂಡೆಯ ಪಕ್ಕದಲ್ಲಿ ಏನು ಮಾಡಬೇಕಾದರೂ ಅವರ ಒಪ್ಪಿಗೆಯ ಪತ್ರ ಬೇಕಿತ್ತು.

“ಕೊಟ್ಟುಬಿಟ್ಟೆ” ಎಂದರು ಮೇಡಂ ಡಬ್ಬಿ ತೆರೆಯುತ್ತ. “ಗೇಟಿಗೂ ಬಂಡೆಗೂ ಸಂಬಂಧ ಇಲ್ವಲ್ಲ. ಬಂಡೆಯ ನೀರು ಬಂಡೆಯದ್ದೇ ಒರತೆ. ಮುಂದಿನ ತಿಂಗಳು ದೊಡ್ಡ ಸಭೇಲಿ ಚಂದ್ರನ ವಿಷಯ ಓದ್ತಿದ್ದೀನಿ, ಗೊತ್ತಾ?”

ಗೇಟಕ್ಕ ತನ್ನ ಡಬ್ಬಿ ಮುಚ್ಚಿದಳು. ಹೊಸ ಗೇಟು ಕೂತರೆ ಹದಿನೈದು ದಿನದಲ್ಲಿ ಬಂಡೆ ಒಣಗುತ್ತದೆ. ಆ ಒಣಗಿದ ಕಾಲು ಕಣ್ಣಿಗೆ ಕಟ್ಟಿತು. ಹೇಳಿದರೆ ಹನ್ನೊಂದು ವರ್ಷದ ರಿಜಿಸ್ಟರು ತನ್ನ ಕುತ್ತಿಗೆಗೆ, ಮೂರು ವರ್ಷದ ಚಂದ್ರ ಮೇಡಂ ಕುತ್ತಿಗೆಗೆ. ಹೇಳದಿದ್ದರೆ ಮೂವತ್ತೊಂದು ಪ್ರಾಣ. ಅವಳು ಕೈ ತೊಳೆದುಕೊಂಡು ಎದ್ದಳು.

“ಗುರುವಾರ ಹನ್ನೊಂದು ಗಂಟೆಗೆ ಇಂಜಿನಿಯರ್ ಸಾರ್‌ನ ಕರ್ಕೊಂಡು ಬಂಡೆ ಹತ್ರ ಬನ್ನಿ ಮೇಡಂ. ನಾನು ಒಡ್ಡಿನ ಮೇಲಿಂದ ಸನ್ನೆ ಮಾಡ್ತೀನಿ. ಆಗ ಬಂಡೆ ನೋಡಿ.”

ಗುರುವಾರ ಇಬ್ಬರೂ ಬಂದು ನಿಂತರು. ಗೇಟಕ್ಕ ಮೇಲೆ ಮೂರನೇ ಗೇಟಿನ ಮೂಲೆಯಲ್ಲಿ ಬೋಲ್ಟು ಬಿಗಿದಳು. ಸನ್ನೆ ಮಾಡಬೇಕೆಂದಾಗಲೇ ತೊಡಕು ಗೊತ್ತಾದದ್ದು. ಎರಡೂ ಕೈ ಪಾನಾದ ಮೇಲಿವೆ, ಬಿಟ್ಟರೆ ಜಾರುತ್ತದೆ. ಕೂಗಿದರೆ ಆ ಭೋರ್ಗರೆತದಲ್ಲಿ ಯಾರಿಗೂ ಕೇಳಿಸದು. ಒಂದು ಕ್ಷಣ ಯೋಚಿಸಿದಳು. ಆಮೇಲೆ ಐವತ್ತೆರಡು ವರ್ಷದ ಗೇಟಕ್ಕ, ಖಾಕಿ ಪ್ಯಾಂಟಿನ ಬಲಗಾಲನ್ನು ನಿಧಾನವಾಗಿ ಹಿಂದಕ್ಕೆ ಮೇಲೆತ್ತಿ, ಗಾಳಿಯಲ್ಲಿ ಬೀಸಿದಳು.

ಇಂಜಿನಿಯರು ಬಾಯಿ ತೆರೆದರು. ಮೇಡಂ ಬಂಡೆಯತ್ತ ತಿರುಗಿದರು. ನೀರು ತೆಳುವಾಯಿತು, ಎಳೆಯಾಯಿತು, ನಿಂತಿತು. ಐದು ನಿಮಿಷದ ಮೇಲೆ ಒಡ್ಡಿನ ಮೇಲಿಂದ ಮತ್ತೆ ಕಾಲು ಬೀಸಿತು, ನೀರು ಹರಿಯಿತು. ಅನುಮಾನ ಉಳಿಯಬಾರದೆಂದು ಗೇಟಕ್ಕ ಮೂರು ಸಲ ಮಾಡಿ ತೋರಿಸಿದಳು. ಮೂರನೆಯ ಸಲಕ್ಕೆ ಬಂಡೆಯ ಮೇಲಿನ ಒಂದು ಗಂಡು ಕಪ್ಪೆ ಅವಳಿಗೆ ಉತ್ತರ ಕೊಟ್ಟಿತು ಎಂದು ಮೇಡಂ ಆಮೇಲೆ ಪ್ರಮಾಣ ಮಾಡಿ ಹೇಳಿದರು. ಪ್ರೀತಿಯಿಂದಲೋ ಜಗಳಕ್ಕೋ ಅವರಿಗೂ ಗೊತ್ತಾಗಲಿಲ್ಲವಂತೆ.

ಅವಳು ಕೆಳಗಿಳಿದು ಬಂದಾಗ ಮೇಡಂ ಬಿಳುಚಿಕೊಂಡಿದ್ದರು. “ಅಂದ್ರೆ... ಚಂದ್ರ?”

“ಚಂದ್ರ ಅಲ್ಲ ಮೇಡಂ, ಗ್ರೀಸು. ನಾಲ್ಕು ವಾರಕ್ಕೊಂದು ಮಂಗಳವಾರ.”

“ಭೂಕಂಪ?”

“ನಂಗೆ ಜ್ವರ ಬಂದಿತ್ತು.” ಆಮೇಲೆ ಗೇಟಕ್ಕ ಪಾನಾ ಕೆಳಗಿಟ್ಟಳು. ಹನ್ನೊಂದು ವರ್ಷದ ಕಥೆಯನ್ನೆಲ್ಲ, ಒಣಗಿದ ಕಾಲನ್ನೂ ಸೇರಿಸಿ, ನಿಂತಲ್ಲೇ ಹೇಳಿದಳು. “ಮೊದಲೇ ಹೇಳಬೇಕಿತ್ತು. ನಿಮ್ಮ ಮುಖ ನೋಡಿ ಹೇಳಕ್ಕಾಗಲಿಲ್ಲ. ತಪ್ಪಾಯ್ತು.”

“ಇದು ಅಪರಾಧ” ಎಂದರು ಇಂಜಿನಿಯರು. “ಬೇಕಂತಲೇ ಸರ್ಕಾರಿ ಗೇಟು ಸೋರಿಸಿದ್ದೀರ. ಮೆಮೊ ಕೊಡ್ತೀನಿ. ಮೇಡಂ, ನಿಮ್ಮ ಒಪ್ಪಿಗೆ ಪತ್ರ ಇದೆ, ಸೋಮವಾರ ಹೊಸ ಗೇಟು ಕೂರಿಸ್ತೀವಿ.”

ಮೇಡಂ ಬಂಡೆಯ ಅಂಚಿನಲ್ಲಿ ಕುಳಿತು ಬೂಟು ಬಿಚ್ಚಿದರು. ಮೂರು ವರ್ಷದ ಬರಹ, ದೊಡ್ಡ ಸಭೆ, ಎಲ್ಲ ಅವರ ಕಣ್ಣೆದುರು ಸೋರಿಹೋಗುತ್ತಿದ್ದುದು ಗೇಟಕ್ಕನಿಗೆ ಕಾಣುತ್ತಿತ್ತು, ಅದಕ್ಕೆ ಹಾಕಲು ಅವಳ ಚೀಲದಲ್ಲಿ ವಾಷರಿರಲಿಲ್ಲ. ಕೊನೆಗೆ ಮೇಡಂ ಬೂಟಿನೊಳಗಿನ ನೀರು ಚೆಲ್ಲಿ, ಪುಸ್ತಕ ತೆರೆದು, ಬಂಡೆಯ ಮೇಲಿಟ್ಟುಕೊಂಡು ಬರೆದರು. ಬಂಡೆಯ ಒರತೆ ಎಂದು ನಾನು ತಿಳಿದದ್ದು ತಪ್ಪು. ಚಂದ್ರನ ವಿಷಯ ಪೂರ್ತಿ ತಪ್ಪು. ಈ ಜಾತಿ ಉಳಿದಿರುವುದು ಮೂರನೇ ಗೇಟಿನ ಎಡಮೂಲೆಯ ಎರಡು ಬೋಲ್ಟುಗಳಿಂದ ಮತ್ತು ಅವನ್ನು ನೋಡಿಕೊಳ್ಳುವವರಿಂದ. ಒಪ್ಪಿಗೆಯನ್ನು ವಾಪಸು ಪಡೆದಿದ್ದೇನೆ. ಸಹಿ ಹಾಕಿ ಹಾಳೆ ಹರಿದು ಇಂಜಿನಿಯರ ಕೈಗಿಟ್ಟರು.

“ಸೋರೋ ಗೇಟಿಗೆ ಯಾವ ಆಫೀಸಲ್ಲಿ ಮಂಜೂರಾತಿ ಸಿಗುತ್ತೆ ಮೇಡಂ?” ಇಂಜಿನಿಯರು ತಲೆ ಹಿಡಿದುಕೊಂಡರು.

“ನಿಮ್ಮಲ್ಲೇ ಮೊದಲು ಸಿಗಲಿ” ಎಂದರು ಮೇಡಂ.

ಮೆಮೊ ಬಂದೇ ಬಂತು. ಗೇಟಕ್ಕ ಅದನ್ನು ಗಂಡನ ಮುಂದಿಟ್ಟು ಎಲ್ಲ ಹೇಳಿದಳು. ದರ್ಜಿ ಬಾಯಿಯ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ. “ಇಷ್ಟು ವರ್ಷ ನಾನು ಊರೆಲ್ಲ ನಿನ್ನ ಆಡ್ಕೊಂಡೆ. ನೀನು ಸುಮ್ನೆ ಕೇಳಿಸ್ಕೊಂಡೆ. ನಂಗಾದ್ರೂ ಹೇಳಬಾರದಾಗಿತ್ತೇನೇ?”

“ನಿಮಗೆ ಹೇಳಿದ್ರೆ ಅಂಗಡಿಗೆ ಬರೋ ಪ್ರತಿ ಅಂಗಿಗೂ ಗೊತ್ತಾಗ್ತಿತ್ತು ರೀ.”

ಅವನು ಅಲ್ಲವೆನ್ನಲಿಲ್ಲ. ಆ ಮಧ್ಯಾಹ್ನ ಮಾತಿಲ್ಲದೆ ಕುಳಿತು, ಅವಳ ಖಾಕಿ ಪ್ಯಾಂಟನ್ನು ಕಾಲೆತ್ತಲು ಸಲೀಸಾಗುವಂತೆ ಸಡಿಲ ಮಾಡಿ ಹೊಲಿದುಕೊಟ್ಟ.

ಐದು ತಿಂಗಳ ಕಾಗದ ಓಡಾಟದ ಮೇಲೆ ಹೊಸ ಗೇಟನ್ನು ಕೂರಿಸಿದರು. ಎಡಮೂಲೆಯ ಎರಡು ಬೋಲ್ಟುಗಳನ್ನು ಗೇಟಕ್ಕನ ಲೆಕ್ಕಕ್ಕೆ ಬಿಡತಕ್ಕದ್ದು ಎಂದು ಆದೇಶದಲ್ಲಿ ಬರೆದಿತ್ತು. ಇಂಜಿನಿಯರು ಒಂದು ಸಲ ತಾವೇ ಸೂತ್ರ ಹಾಕಿ ಎಷ್ಟು ಸಡಿಲಿಸಬೇಕೆಂದು ಗುಣಿಸಿದರು, ಬಂಡೆಯ ಅರ್ಧ ಪಾಚಿ ಕೊಚ್ಚಿಹೋಯಿತು. ಆಮೇಲೆ ಆ ತಂಟೆಗೆ ಬರಲಿಲ್ಲ. ಮೇಡಂ ಈಗ ಮಂಗಳವಾರಗಳಂದು ಮೇಲೆ ಹತ್ತಿ, ಅರ್ಧ ಸುತ್ತು ಅಂದರೆ ಎಷ್ಟು, ಕಾಲು ಸುತ್ತು ಅಂದರೆ ಎಷ್ಟು ಎಂದು ಕಲಿಯುತ್ತಾರೆ. ಕೆಳಗಿನ ಬೋರ್ಡನ್ನು ಅವರೇ ಕಿತ್ತುಹಾಕಿದರು.

“ಮೂವತ್ತೇಳು ಆಗಿವೆ” ಎಂದರು ಅವರು ಒಂದು ದಿನ ಡಬ್ಬಿ ತಿನ್ನುತ್ತ. “ಆದ್ರೂ ಭಯ ಆಗುತ್ತೆ ಗೇಟಕ್ಕ. ಇರೋದು ಒಂದೇ ಬಂಡೆ. ಮೇಲಿಂದ ಒಂದು ಕಲ್ಲು ಉರುಳಿದ್ರೆ ಎಲ್ಲ ಮುಗೀತು.”

ಗೇಟಕ್ಕ ಪಕ್ಕಕ್ಕೆ ತಿರುಗಿ ನೋಡಿದಳು. ನಾಲ್ಕನೇ ಗೇಟಿನ ಕೆಳಗೂ ಅಂಥದ್ದೇ ಒಂದು ಕಪ್ಪು ಬಂಡೆ ಇತ್ತು, ಒಣಗಿ ಬೆಳ್ಳಗಾಗಿತ್ತು. ಕೆಲಸಕ್ಕೆ ಬಂದ ಹೊಸದರಲ್ಲಿ ಆ ಗೇಟನ್ನು ಒಂದು ಹನಿ ಇಲ್ಲದ ಹಾಗೆ ಬಿಗಿದವಳು ತಾನೇ. ಆಗ ಕೆಳಗಿಳಿದು ನೋಡಿರಲಿಲ್ಲ. ಅವಳ ತುತ್ತು ಸ್ವಲ್ಪ ಹೊತ್ತು ಕೈಯಲ್ಲೇ ಉಳಿಯಿತು.

ಮುಂದಿನ ತಿಂಗಳು ಇಂಜಿನಿಯರು ತಪಾಸಣೆಗೆ ಬಂದು ರಿಜಿಸ್ಟರು ತೆರೆದರು. ಬೆರಳು ಮೂರನೇ ಸಾಲಿನ ಮೇಲೆ ನಿಂತಿತು: ಸೋರುತ್ತಿದೆ, ಸರಿಯಾಗಿದೆ. ಅದಕ್ಕೆ ಸಹಿ ಹಾಕಿದರು, ತುಟಿಯಂಚಿನಲ್ಲಿ ನಗುವೂ ಬಂತು. ಬೆರಳು ಒಂದು ಸಾಲು ಕೆಳಗಿಳಿಯಿತು.

“ನಾಲ್ಕನೇ ಗೇಟು ಯಾವಾಗಿಂದ ಸೋರ್ತಿದೆ ಗೇಟಕ್ಕ?”

“ಮೊನ್ನೆಯಿಂದ ಸಾರ್” ಎಂದಳು ಗೇಟಕ್ಕ. ಅವಳ ಎರಡೂ ಕೈಗಳು ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇದ್ದವು, ಸೋಪು ಹಾಕಿ ತೊಳೆದ ಹಾಗೆ ಶುಭ್ರವಾಗಿದ್ದವು. “ದುರಸ್ತಿ ನಡೀತಿದೆ.”

ಇಂಜಿನಿಯರು ಕಿಟಕಿಯತ್ತ ತಿರುಗಿದರು. ಕಿಟಕಿಯ ಪಕ್ಕದಲ್ಲಿ ನಿಂತಿದ್ದ ಕಪ್ಪೆ ಮೇಡಂ, ಗ್ರೀಸು ಮೆತ್ತಿದ ಕೈಯನ್ನು ಪಾನಾ ಸಮೇತ ಮೆಲ್ಲಗೆ ಬೆನ್ನ ಹಿಂದೆ ಸರಿಸುತ್ತಿದ್ದರು.